ಹದಿನೈದು ಟಿಕೆಟಿನ ದುಡ್ಡು, ಒಂದು ತಿಂಗಳ ಓಡಾಟ



ಎರಡು ಹಾಡುಗಳ ನಡುವೆ ಹೇಳಿ ಮುಗಿಸಲಾಗದ ಮಾತುಗಳು ಕೆಲವಿರುತ್ತವೆ. ಈ ಪುಟ ಇರುವುದೇ ಅಂಥವಕ್ಕೆ. ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳಲು ಹೊರಟಿರುವುದು ಒಂದು ಸಣ್ಣ ಚೀಟಿಯ ಕಥೆ. ಅದು ನಿಮ್ಮ ಪರ್ಸಿನಲ್ಲಿ ದೇವರ ಫೋಟೋ ಪಕ್ಕದಲ್ಲಿ ಇದ್ದೀತು, ಇಲ್ಲವೇ ಈಗೀಗ ಮೊಬೈಲಿನೊಳಗೆ ಸೇರಿಕೊಂಡಿದ್ದೀತು. ಲೋಕಲ್ ರೈಲಿನ ಪಾಸ್!

ಊರಿನಿಂದ ಮುಂಬಯಿಗೆ ಹೊಸದಾಗಿ ಬಂದವರಿಗೆ ಇಲ್ಲಿನವರು ಕೊಡುವ ಮೊದಲ ಸಲಹೆ ಏನು ಹೇಳಿ? "ಮೊದಲು ಪಾಸ್ ಮಾಡಿಸಿಕೋ." ಮನೆ ಆಮೇಲೆ, ಗ್ಯಾಸ್ ಆಮೇಲೆ. ಹಾಗೆ ಹೇಳುವವರು ಯಾರೂ ಈ ಪಾಸ್ ಇಷ್ಟು ಅಗ್ಗ ಏಕೆ, ಅಗ್ಗವಾಗಿಯೇ ಉಳಿದದ್ದು ಹೇಗೆ ಎಂದು ಕೇಳಲು ಹೋಗುವುದಿಲ್ಲ. ಈ ಅಗ್ಗ ಯಾರ ಪಾಲಿಗೆ ಎಂಬ ಪ್ರಶ್ನೆ ಇನ್ನೂ ದೂರ. ನಾನು ಒಂದಿಷ್ಟು ಹಿಂದಕ್ಕೆ ಹೋಗಿ ಹುಡುಕಿದೆ. ಲೆಕ್ಕ ಸ್ವಾರಸ್ಯವಾಗಿದೆ, ಸ್ವಲ್ಪ ನೋವೂ ಇದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟದ್ದು ನಿಮಗೆ ಗೊತ್ತೇ ಇದೆ. 14 ಡಬ್ಬಿ, ಸುಮಾರು 400 ಅತಿಥಿಗಳು, ಎಳೆಯಲು ಮೂರು ಎಂಜಿನ್. ಶಾಲೆಯ ಪುಸ್ತಕ ಅಲ್ಲಿಗೆ ನಿಲ್ಲಿಸುತ್ತದೆ. ಆ ದಾರಿಗೆ ಜನ ಎಷ್ಟು ಕೊಡಬೇಕಿತ್ತು ಎಂಬುದನ್ನು ಮಾತ್ರ ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಠಾಣೆಗೆ 21 ಮೈಲಿ. ಮೊದಲ ದರ್ಜೆಗೆ 2 ರೂಪಾಯಿ 10 ಆಣೆ, ಎರಡನೇ ದರ್ಜೆಗೆ 1 ರೂಪಾಯಿ 1 ಆಣೆಯ ಆಸುಪಾಸು, ಮೂರನೇ ದರ್ಜೆಗೆ 5 ಆಣೆ 3 ಪೈ. ಬಿ.ಎ.ಯಲ್ಲಿ ಕನ್ನಡ ಓದಿದ ನನಗೆ ಆಣೆ, ಪೈಗಳು ಗಾದೆಗಳಲ್ಲಷ್ಟೇ ಪರಿಚಯ. ಆದರೂ ಕೂಡಿಸಿ ನೋಡೋಣ. ಆಣೆಗೆ 12 ಪೈ. ಮೂರನೇ ದರ್ಜೆಯವನು ಕೊಡಬೇಕಾದದ್ದು ಒಟ್ಟು 63 ಪೈ, ಅಂದರೆ ಮೈಲಿಗೆ ಸರಿಯಾಗಿ 3 ಪೈ. ಮೊದಲ ದರ್ಜೆಯ ದೊರೆಗೆ ಮೈಲಿಗೆ 24 ಪೈ. ಅದೇ ಎಂಜಿನ್, ಅದೇ ಹಳಿ, ತಲುಪುವ ಹೊತ್ತೂ ಒಂದೇ. ದರ ಮಾತ್ರ ಎಂಟು ಪಟ್ಟು!

ಈ ಮೂರನೇ ದರ್ಜೆ 1974ರಲ್ಲಿ ಹೆಸರಿಗೆ ಹೋಯಿತು. ಇಂದಿನ ಲೋಕಲ್‌ನಲ್ಲಿ ಐದು ಕಿಲೋಮೀಟರ್ ದೂರಕ್ಕೆ ಎರಡನೇ ದರ್ಜೆಗೆ 5 ರೂಪಾಯಿ, ಮೊದಲ ದರ್ಜೆಗೆ 25 ರೂಪಾಯಿ. ಎಂಟು ಪಟ್ಟು ಐದು ಪಟ್ಟಿಗೆ ಇಳಿದಿದೆ. ಅದೂ 2022ರ ಮೇ ತಿಂಗಳಲ್ಲಿ ಮೊದಲ ದರ್ಜೆಯ ಟಿಕೆಟನ್ನು ಸರಿಸುಮಾರು ಅರ್ಧಕ್ಕೆ ಇಳಿಸಿದ ಮೇಲೆ. ಅದಕ್ಕೆ ಮುಂಚೆ ಹತ್ತು ಪಟ್ಟಿತ್ತು. ದರ್ಜೆ ಎಂಬ ವಿಷಯದಲ್ಲಿ ನಮ್ಮ ರೈಲು ಬಹಳ ಸಂಪ್ರದಾಯಸ್ಥ.

ಊರೊಳಗಿನ ಓಡಾಟಕ್ಕೆ 1874ರ ಮೇ 9ರಂದು ಕುದುರೆ ಟ್ರಾಮ್ ಬಂತು. ಕೊಲಾಬಾದಿಂದ ಪಾಯಧುನಿಗೆ ಒಂದು, ಬೋರಿಬಂದರಿನಿಂದ ಪಾಯಧುನಿಗೆ ಇನ್ನೊಂದು. ಕೊಲಾಬಾದಿಂದ ಹತ್ತಿದರೆ 3 ಆಣೆ. ಯೋಚಿಸಿ ನೋಡಿ, ಅದೇ ಕಾಲದಲ್ಲಿ ರೈಲಿನ ಮೂರನೇ ದರ್ಜೆಯಲ್ಲಿ ಮೈಲಿಗೆ 3 ಪೈಯಂತೆ ಲೆಕ್ಕ ಹಾಕಿದರೆ 3 ಆಣೆಗೆ 12 ಮೈಲಿ ಹೋಗಬಹುದಿತ್ತು. ಟ್ರಾಮ್ ಮೊದಲಿಗೆ ಬಡವರ ಗಾಡಿಯಾಗಿರಲಿಲ್ಲ. ತಮಾಷೆ ಎಂದರೆ ಆರಂಭದಲ್ಲಿ ಟಿಕೆಟ್ ಎಂಬುದೇ ಇರಲಿಲ್ಲ, ದುಡ್ಡು ಕೊಟ್ಟು ಕೂತರಾಯಿತು. ಜನ ಹೆಚ್ಚಾದರು, ದರ 2 ಆಣೆಗೆ ಇಳಿಯಿತು, ದುಡ್ಡು ಕೊಡದೆ ಕೂರುವವರೂ ಹೆಚ್ಚಾದರು. ಅದೇ ವರ್ಷ ಟಿಕೆಟ್ ಹುಟ್ಟಿಕೊಂಡಿತು. ನಮ್ಮ ಊರಿನ ಟಿಕೆಟಿನ ಮೂಲ ಅಪನಂಬಿಕೆ ಎಂದರೆ ತಪ್ಪಾಗಲಾರದು.

ರೈಲಿನ ಟಿಕೆಟ್ಟೂ ಅದಕ್ಕೇನು ಹೊರತಲ್ಲ. ನಮ್ಮಲ್ಲಿ ಅನೇಕರು ನೋಡಿರುವ ಆ ದಪ್ಪ ರಟ್ಟಿನ ಪುಟ್ಟ ಟಿಕೆಟ್ ಇತ್ತಲ್ಲ, ಮೂಲೆ ಕಚ್ಚಿ ರುಚಿ ನೋಡಿದವರೂ ನಿಮ್ಮಲ್ಲಿರಬಹುದು, ಅದನ್ನು ರೂಪಿಸಿದವನು ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲಿಷ್ ಸ್ಟೇಷನ್ ಮಾಸ್ಟರ್, 1830ರ ದಶಕದಲ್ಲಿ. ಪ್ರತಿ ಟಿಕೆಟಿಗೂ ಕ್ರಮಸಂಖ್ಯೆ. ಸಂಜೆ ಗಲ್ಲಾ ಎಣಿಸುವಾಗ ಗುಮಾಸ್ತ ಎಷ್ಟು ಮಾರಿದ, ಎಷ್ಟು ದುಡ್ಡು ಇರಬೇಕು ಎಂದು ಗೊತ್ತಾಗಬೇಕಲ್ಲ, ಅದಕ್ಕೆ! ಮುಂಬಯಿಯಲ್ಲಿ ಅವು ಬೈಕಲಾ ಮತ್ತು ಮಹಾಲಕ್ಷ್ಮಿಯ ರೈಲ್ವೆ ಮುದ್ರಣಾಲಯಗಳಲ್ಲಿ ಅಚ್ಚಾಗುತ್ತಿದ್ದವು.

ಇನ್ನು ದೂರದ ಓಡಾಟಕ್ಕೆ ಬರೋಣ. 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್ ಬೇ ಕಡೆಗೆ ಪ್ರತಿದಿನದ ಉಪನಗರ ರೈಲು ಶುರುವಾಯಿತು. ದಿನಕ್ಕೆ ಒಂದೇ ಒಂದು ಗಾಡಿ! ಬೆಳಿಗ್ಗೆ ಬರುವುದು, ಸಂಜೆ ಹಿಂದಿರುಗುವುದು. ಗೋರೆಗಾಂವ್ ಆಗ ಪಹಾಡಿ ಎಂಬ ಸ್ಟೇಷನ್. ಇವತ್ತು ವಿರಾರ್ ಫಾಸ್ಟ್ ಹತ್ತಲು ಹರಸಾಹಸ ಪಡುವ ನಮ್ಮ ಕೇಳುಗರು ಆ ಖಾಲಿ ಗಾಡಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬಹುದು. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಹಾರ್ಬರ್ ದಾರಿಯಲ್ಲಿ ವಿದ್ಯುತ್ ರೈಲು ಓಡಿತು. 1928ರ ಜನವರಿಯಲ್ಲಿ ಕೊಲಾಬಾ-ಬೊರಿವಲಿ ಮಾರ್ಗಕ್ಕೂ ಬಂತು. ಹೊಗೆ ಹೋಯಿತು, ವೇಗ ಬಂತು, ಬೇಗ ಬೇಗ ಗಾಡಿ ಬಿಡುವುದು ಸಾಧ್ಯವಾಯಿತು. ಕೆಲಸ ಕೋಟೆಯೊಳಗೆ, ಮನೆ ಹತ್ತಾರು ಮೈಲಿ ಆಚೆ ಎಂಬ ಬದುಕು ಗಟ್ಟಿಯಾದದ್ದು ಆಗ.

ಈ ಬದುಕನ್ನು ನಡೆಸಿದ್ದು ಬರೀ ವಿದ್ಯುತ್ತಲ್ಲ, ಪಾಸಿನ ದರ.

ಪಾಸಿನ ಲೆಕ್ಕ ಬಹಳ ಸರಳ. ರೈಲ್ವೆಯವರು ತಿಂಗಳ ಸೀಸನ್ ಟಿಕೆಟಿಗೆ ಬಹುಕಾಲ ಇಟ್ಟುಕೊಂಡಿದ್ದ ಅಳತೆ ಸುಮಾರು 15 ಬಿಡಿ ಪ್ರಯಾಣದ ಹಣ. ನೀವು ತಿಂಗಳಿಗೆ 25 ದಿನ ಕೆಲಸಕ್ಕೆ ಹೋಗಿ ಬಂದರೆ 50 ಪ್ರಯಾಣ. 15ರ ದುಡ್ಡು ಕೊಟ್ಟು 50 ಸಲ ಓಡಾಟ! ಮೇಲುತೆರಿಗೆ, ಪೂರ್ಣಾಂಕ ಎಲ್ಲ ಸೇರಿ ಈಗ ಇದು ಸ್ವಲ್ಪ ಮೇಲಕ್ಕೆ ಸರಿದಿದೆ. 5 ರೂಪಾಯಿ ಟಿಕೆಟಿನ ದೂರಕ್ಕೆ ತಿಂಗಳ ಪಾಸ್ 100 ರೂಪಾಯಿ, ಅಂದರೆ 20 ಟಿಕೆಟಿನ ಹಣ. ಹತ್ತು ದಿನ ಹೋಗಿ ಬಂದರೆ ದುಡ್ಡು ಹುಟ್ಟಿತು. ಹನ್ನೊಂದನೇ ದಿನದಿಂದ ತಿಂಗಳ ಕೊನೆಯವರೆಗೆ ಪುಕ್ಕಟೆ. ಒಂದು ವಡಾಪಾವ್‌ಗೆ ಏನಾಗಿದೆ ದರ ಎಂದು ನಿಮಗೇ ಗೊತ್ತು, ಅದರ ಪಕ್ಕದಲ್ಲಿ ಈ 100 ರೂಪಾಯಿಯನ್ನು ಇಟ್ಟು ನೋಡಿ.

ನಮ್ಮವರ ಕಥೆಯನ್ನೇ ತೆಗೆದುಕೊಳ್ಳಿ. ದಕ್ಷಿಣ ಕನ್ನಡದಿಂದ, ಉಡುಪಿ ಕಡೆಯಿಂದ ಬಂದ ಹುಡುಗರು ಕೋಟೆ ಪ್ರದೇಶದ, ಮಾಟುಂಗಾದ ಹೋಟೆಲುಗಳಲ್ಲಿ ಮಾಣಿಗಳಾಗಿ ಸೇರಿದರು. ಊಟ ಅಲ್ಲೇ, ರಾತ್ರಿ ಮೇಜುಗಳನ್ನು ಸರಿಸಿ ಮಲಗುವುದೂ ಅಲ್ಲೇ. ಹತ್ತಿರದ ರಾತ್ರಿ ಶಾಲೆಗೆ ನಡೆದೇ ಹೋಗುವುದು. ಅವರಿಗೆ ಪಾಸ್ ಬೇಕಾಗಿರಲಿಲ್ಲ. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕಿಗೋ ಕಚೇರಿಗೋ ಸೇರಿದ ಮೇಲೆ ಕಥೆ ಬೇರೆಯಾಯಿತು. ಮದುವೆ, ಹೆಂಡತಿ, ಮಕ್ಕಳು. ಮಾಟುಂಗಾದಲ್ಲಿ ಬಾಡಿಗೆ ಕೈಗೆಟುಕದು. ಡೊಂಬಿವಲಿಯಲ್ಲಿ ಒಂದು ಕೋಣೆ ಸಿಗುತ್ತದೆ. ಭಾಂಡುಪ್, ಮೀರಾರೋಡ್, ವಸಾಯಿ, ವಿರಾರ್. ಇಂದು ಈ ಹೆಸರುಗಳ ಹಿಂದೆಲ್ಲ ಒಂದೊಂದು ಕನ್ನಡ ಸಂಘವಿದೆ, ಯಕ್ಷಗಾನ ಮಂಡಳಿಯಿದೆ, ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆಯಿದೆ. ಅಲ್ಲಿ ಅವು ನೆಲೆಯೂರಿದ್ದು ಜಾಗ ಅಗ್ಗವೆಂದು. ಆ ಅಗ್ಗದ ಜಾಗ ಉಪಯೋಗಕ್ಕೆ ಬಂದದ್ದು ಪಾಸ್ ಇನ್ನೂ ಅಗ್ಗವೆಂದು. ನನ್ನನ್ನು ಕೇಳಿದರೆ ಪಾಸ್ ಎಂಬುದು ಮನೆ ಬಾಡಿಗೆಯಲ್ಲಿ ಸರ್ಕಾರ ಕೊಟ್ಟ ರಿಯಾಯಿತಿ. ರಸೀದಿಯ ಮೇಲೆ ಹಾಗೆ ಬರೆದಿಲ್ಲ, ಅಷ್ಟೇ.

ಬರೆಯದ ಈ ಒಪ್ಪಂದವನ್ನು ಒಮ್ಮೆ ಮುರಿಯಲು ಹೊರಟಾಗ ಏನಾಯಿತು ಗೊತ್ತೇ? 2014. ಮೇ 16, ಲೋಕಸಭೆ ಚುನಾವಣೆಯ ಫಲಿತಾಂಶದ ದಿನ. ರೈಲು ದರ ಏರಿಸುವ ಆದೇಶವೊಂದು ಹೊರಬಿತ್ತು, ಅಂದೇ ತಡೆಹಿಡಿಯಲ್ಪಟ್ಟಿತು. ಆಗ ರೈಲ್ವೆ ಸಚಿವರು ಮಲ್ಲಿಕಾರ್ಜುನ ಖರ್ಗೆ, ಕಲಬುರಗಿಯವರು. ಹೊಸ ಸರ್ಕಾರ ಬಂತು. ಹೊಸ ರೈಲ್ವೆ ಸಚಿವರು ಡಿ.ವಿ. ಸದಾನಂದ ಗೌಡ, ಸುಳ್ಯದವರು. ಜೂನ್ 20ರಂದು ಅದೇ ಏರಿಕೆ ಘೋಷಣೆಯಾಯಿತು. ಪ್ರಯಾಣ ದರಕ್ಕೆ ಒಟ್ಟು 14.2 ಶೇಕಡಾ. ಮುಂಬಯಿಯವರ ಎದೆ ಹೊಡೆದುಕೊಂಡದ್ದು ಅದಕ್ಕಲ್ಲ. ತಿಂಗಳ ಪಾಸಿಗೆ ಇನ್ನು ಮೇಲೆ 15 ಅಲ್ಲ, 30 ಪ್ರಯಾಣದ ಹಣ ಎಂಬ ಸಾಲು ಅದರಲ್ಲಿತ್ತು. ಅಂದರೆ ರಾತ್ರೋರಾತ್ರಿ ದುಪ್ಪಟ್ಟು!

ಹಳೆಯ ದರದಲ್ಲೇ ಮೂರು ತಿಂಗಳದ್ದೋ ವರ್ಷದ್ದೋ ಪಾಸ್ ಮಾಡಿಸಿಕೊಳ್ಳಲು ಸ್ಟೇಷನ್‌ಗಳಲ್ಲಿ ಉದ್ದುದ್ದ ಕ್ಯೂ. ಆಳುವ ಮೈತ್ರಿಕೂಟದ ಮುಂಬಯಿ ಸಂಸದರೇ ದೆಹಲಿಯಲ್ಲಿ ಸಚಿವರ ಮುಂದೆ ಕೂತರು. ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆಗೆ ನಾಲ್ಕು ತಿಂಗಳೂ ಇರಲಿಲ್ಲ. ಜೂನ್ 24ರಂದು ಆದೇಶ ಹಿಂದೆ ಸರಿಯಿತು. 80 ಕಿಲೋಮೀಟರ್‌ವರೆಗಿನ ಉಪನಗರದ ಎರಡನೇ ದರ್ಜೆ ಟಿಕೆಟ್ ಏರಲಿಲ್ಲ, ಪಾಸ್ 14.2 ಶೇಕಡಾ ಮಾತ್ರ ಏರಿತು, ದುಪ್ಪಟ್ಟು ಎಂಬ ಮಾತು ಬಿದ್ದುಹೋಯಿತು. ಕಡತ ಒಬ್ಬ ಕನ್ನಡಿಗರ ಕಾಲದ್ದು, ಜಾರಿ ಇನ್ನೊಬ್ಬ ಕನ್ನಡಿಗರ ಕೈಯಲ್ಲಿ, ಉಸಿರು ಬಿಟ್ಟ ಪಾಸುದಾರರಲ್ಲಿ ಲಕ್ಷಾಂತರ ಮಂದಿ ಕನ್ನಡಿಗರು! ನಾಲ್ಕೇ ದಿನದಲ್ಲಿ ರೈಲ್ವೆಯನ್ನು ಹಿಂದೆ ಸರಿಸಿದ ಬೇರೆ ಟಿಕೆಟ್ ಈ ದೇಶದಲ್ಲಿ ಯಾವುದಿದ್ದೀತು ಎಂದು ನನಗೆ ಹೊಳೆಯುತ್ತಿಲ್ಲ.

ಇಲ್ಲಿಯವರೆಗೆ ಕೇಳಲು ಚೆನ್ನಾಗಿದೆ. ಆದರೆ ಪಾಸಿನ ಮೇಲೆ ಏನು ಬರೆದಿರುತ್ತದೆ, ಒಮ್ಮೆ ತೆಗೆದು ನೋಡಿ. ಒಂದು ಸ್ಟೇಷನ್ನಿನಿಂದ ಇನ್ನೊಂದು ಸ್ಟೇಷನ್ನಿಗೆ. ಅಂದರೆ ನಿಮಗೆ ಒಂದು ನಿಶ್ಚಿತ ಮನೆ ಇದೆ, ಒಂದು ನಿಶ್ಚಿತ ಕೆಲಸ ಇದೆ, ತಿಂಗಳ ಮೊದಲಿಗೆ ಕೈಯಲ್ಲಿ ಒಟ್ಟಿಗೆ ಹಣ ಇದೆ ಎಂದು ಪಾಸ್ ನಂಬಿಕೊಂಡಿದೆ.

ಈಗ ಇನ್ನೊಬ್ಬ ಕನ್ನಡಿಗನನ್ನು ನೋಡೋಣ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬಂದವನು. ಬೆಳಿಗ್ಗೆ ನಾಕಾದಲ್ಲಿ ನಿಲ್ಲುತ್ತಾನೆ, ಹೆಂಡತಿಯೂ ಪಕ್ಕದಲ್ಲಿ, ಕೈಯಲ್ಲಿ ಸಲಿಕೆ, ಬುಟ್ಟಿ. ಮುಕಾದಂ ಬಂದು ಕರೆದರೆ ಕೆಲಸ. ಇವತ್ತು ಮುಲುಂಡ್, ನಾಳೆ ಭಾಯಂದರ್, ನಾಡಿದ್ದು ಕೆಲಸವೇ ಇಲ್ಲ. ಅವನು ಎಲ್ಲಿಂದ ಎಲ್ಲಿಗೆ ಪಾಸ್ ಮಾಡಿಸಬೇಕು? ಹಾಗಾಗಿ ಅವನು ಬಿಡಿ ಟಿಕೆಟ್ ಕೊಳ್ಳುತ್ತಾನೆ. ಸೂಟು ತೊಟ್ಟವನಿಗೆ ಒಂದು ಪ್ರಯಾಣ ಎರಡು ರೂಪಾಯಿಗೆ ಬೀಳುವಲ್ಲಿ, ಸಿಮೆಂಟು ಹೊರುವವನು ಐದು ಕೊಡುತ್ತಾನೆ. ಮೂರು ತಿಂಗಳ ಪಾಸಿಗೆ 2.7 ತಿಂಗಳ ಹಣ, ವರ್ಷದ ಪಾಸಿಗೆ 10.8 ತಿಂಗಳ ಹಣ. ಮುಂಗಡ ಕೊಡುವ ತಾಕತ್ತು ಹೆಚ್ಚಿದಷ್ಟೂ ದರ ಕಡಿಮೆ. ಕಿರಾಣಿ ಅಂಗಡಿಯಲ್ಲಿ ಮೂಟೆ ಕೊಂಡವನಿಗೆ ಅಗ್ಗ, ಪಾವು ಕೊಂಡವನಿಗೆ ದುಬಾರಿ ಎನ್ನುವಂತೆಯೇ.

ಇದು ದೆಹಲಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 2009ರ ರೈಲ್ವೆ ಬಜೆಟ್‌ನಲ್ಲಿ ಮಮತಾ ಬ್ಯಾನರ್ಜಿ "ಇಜ್ಜತ್" ಎಂಬ ಪಾಸ್ ತಂದರು. ಅಸಂಘಟಿತ ವಲಯದಲ್ಲಿ ದುಡಿಯುವ, ತಿಂಗಳಿಗೆ 1500 ರೂಪಾಯಿಯೊಳಗೆ ಆದಾಯವಿರುವವರಿಗೆ 25 ರೂಪಾಯಿಗೆ 100 ಕಿಲೋಮೀಟರ್‌ವರೆಗೆ ತಿಂಗಳ ಓಡಾಟ. ಹೆಸರು ಚೆಂದ, ದರ ಇನ್ನೂ ಚೆಂದ. ಆದರೆ ಆದಾಯದ ಪತ್ರ ತರಬೇಕು, ಸಂಸದರಿಂದಲೋ ಜಿಲ್ಲಾಧಿಕಾರಿಗಳಿಂದಲೋ. ಊರಿನ ರೇಷನ್ ಕಾರ್ಡ್ ಊರಿನಲ್ಲೇ ಬಿಟ್ಟು ಬಂದವನಿಗೆ ಇಲ್ಲಿ ಯಾರು ಪತ್ರ ಕೊಡುತ್ತಾರೆ? ಮೇಲಾಗಿ ಈ ಊರಿನಲ್ಲಿ 1500 ರೂಪಾಯಿಯೊಳಗೆ ತಿಂಗಳು ಕಳೆಯುವವನು ರೈಲು ಹತ್ತುವ ಸ್ಥಿತಿಯಲ್ಲಿ ಇರುತ್ತಾನೆಯೇ ಎಂಬುದು ನನ್ನ ಸಣ್ಣ ಅನುಮಾನ.

ಪಾಸ್ ಇರುವವನು, ಇಲ್ಲದವನು ಎಂಬ ಈ ಗೆರೆ ಎಲ್ಲರ ಕಣ್ಣಿಗೂ ಬಿದ್ದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ, ಅಕ್ಟೋಬರ್‌ನಿಂದ ಗೊತ್ತುಪಡಿಸಿದ ಹೊತ್ತಿನಲ್ಲಿ ಮಹಿಳೆಯರಿಗೆ, 2021ರ ಫೆಬ್ರವರಿಯಿಂದ ಎಲ್ಲರಿಗೂ ಅಷ್ಟಿಷ್ಟು, ಏಪ್ರಿಲ್‌ನಲ್ಲಿ ಮತ್ತೆ ಬಂದ್. ಆಮೇಲೆ 2021ರ ಆಗಸ್ಟ್ 15. ಎರಡೂ ಡೋಸ್ ಲಸಿಕೆ ಆಗಿ 14 ದಿನ ಕಳೆದವರು ರೈಲು ಹತ್ತಬಹುದು ಎಂದಾಯಿತು. ಆದರೆ ಕಿಟಕಿಯಲ್ಲಿ ಸಿಗುವುದು ತಿಂಗಳ ಪಾಸ್ ಮಾತ್ರ, ಬಿಡಿ ಟಿಕೆಟ್ ಇಲ್ಲ! ಆಸ್ಪತ್ರೆಗೆ ಒಂದು ದಿನ ಹೋಗಿ ಬರಬೇಕಾದವರೂ ತಿಂಗಳ ಪಾಸೇ ಮಾಡಿಸಬೇಕು. ಲಸಿಕೆ ಹಾಕಿಸಿಕೊಂಡ ನಾಕಾ ಕಾರ್ಮಿಕನೂ ಅಷ್ಟೇ. ಅಕ್ಟೋಬರ್ ಕೊನೆಯವರೆಗೂ ಹೀಗೇ ನಡೆಯಿತು. ಆ ಎರಡೂವರೆ ತಿಂಗಳು ಪಾಸ್ ಎಂಬುದು ರಿಯಾಯಿತಿಯಾಗಿರಲಿಲ್ಲ, ಊರೊಳಗೆ ಬರಲು ಪರವಾನಗಿಯಾಗಿತ್ತು. ಸೋಂಕು ತಡೆಯಲು ಜನ ಕಡಿಮೆ ಮಾಡಬೇಕಿತ್ತು, ಒಪ್ಪೋಣ. ಕಡಿಮೆ ಮಾಡಿದ್ದು ಯಾರನ್ನು ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ಬಿಡಿ ದುಡ್ಡಿನವರ ಗಾಡಿ ಎಂದರೆ ಬಸ್ಸು. 1926ರ ಜುಲೈ 15ರಂದು ಅಫ್ಘಾನ್ ಚರ್ಚ್‌ನಿಂದ ಕ್ರಾಫರ್ಡ್ ಮಾರುಕಟ್ಟೆಗೆ ಮೊದಲ ಬಸ್ಸು ಓಡಿತು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಮುಂಚೆ, ಕಂಪನಿ ಮಹಾನಗರಪಾಲಿಕೆಯ ಕೈಗೆ ಬಂತು. ಅದೇ ನಮ್ಮ ಬೆಸ್ಟ್. ದೀಪವೂ ಅವರದೇ, ಬಸ್ಸೂ ಅವರದೇ. ದೀಪದಲ್ಲಿ ಗಳಿಸಿದ್ದರಲ್ಲಿ ಬಸ್ಸಿನ ನಷ್ಟ ತುಂಬುವುದು ಬಹುಕಾಲ ನಡೆದು ಬಂದ ಪದ್ಧತಿ. ಹತ್ತಿರದ ಸಂಸಾರವಂದಿಗರಿಗೆ ಇದು ಹೊಸತಲ್ಲ ಬಿಡಿ, ಅಣ್ಣನ ಸಂಬಳದಲ್ಲಿ ತಮ್ಮನ ಫೀಸು. ಕಂಡಕ್ಟರ್ ಪಂಚ್‌ನ ಟಿಕ್ ಟಿಕ್ ಸದ್ದು ಕೇಳಿ ಬೆಳೆದವರು ನಿಮ್ಮಲ್ಲಿ ಅನೇಕರು.

ಬೆಸ್ಟ್ 2019ರ ಜುಲೈ 9ರಂದು ಧೈರ್ಯದ ಕೆಲಸ ಮಾಡಿತು. ಶೇರ್ ರಿಕ್ಷಾ, ಶೇರ್ ಟ್ಯಾಕ್ಸಿಗೆ ಹೋದ ಜನರನ್ನು ಮರಳಿ ಕರೆಯಲು ಐದು ಕಿಲೋಮೀಟರ್‌ವರೆಗಿನ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿತು, ಎ.ಸಿ. ಬಸ್ಸಿಗೆ 6. ಜನ ಬಂದರು. ಆರು ವರ್ಷ ಹಾಗೆಯೇ ಉಳಿಯಿತು. 2025ರ ಮೇ 9ರಂದು ಒಂದೇ ಏಟಿಗೆ 10 ಮತ್ತು 12 ರೂಪಾಯಿ ಆಯಿತು. ರೈಲಿನ ಪಾಸ್ ದುಪ್ಪಟ್ಟಾಗುತ್ತದೆ ಎಂದಾಗ ನಾಲ್ಕು ದಿನದಲ್ಲಿ ದೆಹಲಿ ಬಗ್ಗಿತ್ತು. ಬಸ್ಸಿನ ದರ ನಿಜವಾಗಿಯೇ ದುಪ್ಪಟ್ಟಾದಾಗ ಯಾರೂ ಬಗ್ಗಲಿಲ್ಲ. ಎರಡರಲ್ಲಿ ಪ್ರಯಾಣ ಮಾಡುವವರು ಬೇರೆ ಬೇರೆ ಜನವೇ? ಹೆಚ್ಚಿನ ಪಾಲು ಅದೇ ಜನ. ಆದರೆ ರೈಲಿನ ಪಾಸುದಾರ ಎಂಬುವನಿಗೆ ಒಂದು ಗುರುತಿದೆ, ಸಂಘವಿದೆ, ಪ್ರತಿದಿನದ ಅದೇ ಡಬ್ಬಿಯ ಗೆಳೆಯರಿದ್ದಾರೆ. ಬಸ್ಸಿನ ಬಿಡಿ ಟಿಕೆಟಿನವನಿಗೆ ಅದೊಂದೂ ಇಲ್ಲ.

ಅಗ್ಗದ ಪಾಸ್ ಎಂದರೆ ಎಲ್ಲ ಸರಿ ಎಂದೂ ಅಲ್ಲ. ಕೊರೊನಾಕ್ಕೆ ಮುಂಚೆ ದಿನಕ್ಕೆ 75 ಲಕ್ಷಕ್ಕೂ ಹೆಚ್ಚು ಮಂದಿ ಲೋಕಲ್ ಹತ್ತುತ್ತಿದ್ದರು. 2025ರ ಜೂನ್ 9ರ ಬೆಳಿಗ್ಗೆ ದಿವಾ-ಮುಂಬ್ರಾ ನಡುವೆ ಎದುರುಬದುರು ಹೋಗುತ್ತಿದ್ದ ಎರಡು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು. ನಾಲ್ವರು ಅಂದೇ ತೀರಿಕೊಂಡರು. ಬಾಗಿಲಲ್ಲಿ ನಿಲ್ಲುವುದು ಚಟ ಎನ್ನುವವರು ಎಂಟೂವರೆಯ ಹೊತ್ತಿಗೆ ಡೊಂಬಿವಲಿಯಲ್ಲಿ ಒಮ್ಮೆ ಹತ್ತಿ ನೋಡಲಿ. ಬಾಗಿಲು ಮುಚ್ಚುವ ಎ.ಸಿ. ಲೋಕಲ್ 2017ರ ಡಿಸೆಂಬರ್ 25ರಂದು ಶುರುವಾಯಿತು. ದರ ಕೈಸುಡುತ್ತಿತ್ತು, ಕನಿಷ್ಠ 65 ರೂಪಾಯಿ. 2022ರ ಮೇ 5ರಿಂದ 30 ರೂಪಾಯಿ ಆಯಿತು, ಆಮೇಲಷ್ಟೇ ಜನ ಅದರತ್ತ ತಿರುಗಿದರು. 5 ರೂಪಾಯಿಗೆ ನೇತಾಡುವುದು, 30 ರೂಪಾಯಿಗೆ ಮುಚ್ಚಿದ ಬಾಗಿಲು. 1853ರ ದರ್ಜೆಗಳಲ್ಲಿ ವ್ಯತ್ಯಾಸ ಮೆತ್ತನೆ ಆಸನದ್ದಾಗಿತ್ತು. ಇಲ್ಲಿ ಅದು ಜೀವದ್ದು.

ಇತ್ತೀಚಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. 2025ರ ಜುಲೈ 1ರಂದು ದೇಶಾದ್ಯಂತ ರೈಲು ದರ ಸ್ವಲ್ಪ ಏರಿದಾಗ ಉಪನಗರದ ಟಿಕೆಟನ್ನೂ ಸೀಸನ್ ಟಿಕೆಟನ್ನೂ ಮುಟ್ಟಲಿಲ್ಲ. 2014ರ ಪಾಠ ಯಾರಿಗೋ ನೆನಪಿದೆ! ಅದೇ ವರ್ಷ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗೆ ನೆಲದಡಿಯ ಮೆಟ್ರೊ ಪೂರ್ತಿಯಾಯಿತು, ಕೊನೆಯಿಂದ ಕೊನೆಗೆ 70 ರೂಪಾಯಿ. ಲೋಕಲ್, ಬಸ್ಸು, ಮೆಟ್ರೊ ಎಲ್ಲಕ್ಕೂ ಒಂದೇ ಕಡೆ ಟಿಕೆಟ್ ಕೊಡುವ "ಮುಂಬಯಿ ಒನ್" ಎಂಬ ಆ್ಯಪ್ ಕೂಡ ಆಗಲೇ ಬಂತು. ಇವತ್ತು ಮುಲುಂಡ್, ನಾಳೆ ಭಾಯಂದರ್ ಎನ್ನುವವನಿಗೂ ಹೊಂದುವ ಪಾಸ್ ಯಾವತ್ತಾದರೂ ಬಂದರೆ ಅದು ಇಂಥ ದಾರಿಯಲ್ಲೇ ಬರಬೇಕು.

ಕೊನೆಗೊಂದು ಕೋರಿಕೆ ಕೇಳುಗರೇ. ನಿಮ್ಮ ಅಪ್ಪನ ಟ್ರಂಕಿನಲ್ಲೋ ಅಜ್ಜನ ಡೈರಿಯ ಹಾಳೆಗಳ ನಡುವೆಯೋ ಹಳೆಯ ಪಾಸ್, ರಟ್ಟಿನ ಟಿಕೆಟ್, ಟ್ರಾಮ್‌ನ ಚೀಟಿ ಏನಾದರೂ ಉಳಿದಿದ್ದರೆ ಅದರ ಮೇಲಿನ ತಾರೀಕು, ಸ್ಟೇಷನ್ನುಗಳ ಹೆಸರು, ದರ ಇಷ್ಟನ್ನು ಬರೆದು ಕಳಿಸಿ. ಅವರು ಆಗ ಎಲ್ಲಿ ಕೆಲಸಕ್ಕಿದ್ದರು ಎಂಬುದನ್ನೂ ಒಂದು ಸಾಲು ಸೇರಿಸಿ. ಕಾರ್ಯಕ್ರಮದಲ್ಲಿ ಒಂದೊಂದಾಗಿ ಓದುತ್ತೇನೆ.